ಐದು ಮಿಲಿಮೀಟರಿನ ತೂತು

ನಾವು ಮಾಡುವುದನ್ನು ನೀವು ನೋಡಿರುವುದಿಲ್ಲ.
ನಿಮ್ಮ ಬೈಕಿನ ಎಂಜಿನ್ನಿನೊಳಗೆ, ತಲೆಯ ಹತ್ತಿರ,
ಕಿರುಬೆರಳ ಒಂದೂವರೆ ಗೆಣ್ಣಿನಷ್ಟುದ್ದದ ಕೊಳವೆ,
ಅದರೊಳಗೆ ಐದು ಮಿಲಿಮೀಟರಿನ ತೂತು.
ವಾಲ್ವು ಅದರಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ,
ನೀವು ಮದುವೆಗೋ ಆಸ್ಪತ್ರೆಗೋ ಹೋಗುವಷ್ಟು ಹೊತ್ತೂ.
ಕೂದಲಿನ ಹತ್ತನೇ ಪಾಲು ಹಿಗ್ಗಿದರೆ ಹೊಗೆ,
ಕುಗ್ಗಿದರೆ ಗಾಡಿ ನಡುರಸ್ತೆಯಲ್ಲಿ ಕುಕ್ಕರಿಸುತ್ತದೆ.
ಹತ್ತೊಂಬತ್ತು ವರ್ಷ ನಾನು ಮಾರಿದ್ದು ಈ ತೂತನ್ನೇ;
ಸುತ್ತಲಿನ ಕಬ್ಬಿಣ, ಅದು ಬಿದ್ದುಹೋಗದಿರಲೆಂದು.

ಮೂಕಂಡಪಳ್ಳಿಯಲ್ಲಿ ಶೆಡ್ಡು, ಮೂವತ್ತೆಂಟು ಜನ.
ಮೊದಲ ಎರಡು ಲೇತು ತಂದದ್ದು ಹರಾಜಿನಲ್ಲಿ.
ನಾನು ಲೆಕ್ಕ ಬರೆಯುತ್ತಿದ್ದ ಕಂಪನಿ ಮುಳುಗಿದಾಗ
ಅದರ ಬಾಗಿಲಲ್ಲೇ ನಿಂತು ಸವಾಲು ಕೂಗಿದೆ.
ಲೇತಿನ ಹಿಂದೆಯೇ ನಡೆದು ಬಂದ ಪಿಳ್ಳಪ್ಪ:
"ಇದರ ಗುಣ ನನಗಷ್ಟೇ ಗೊತ್ತು ಮೇಡಂ."
ರಸೀತಿಯಲ್ಲಿ ಅವನ ಹೆಸರಿರಲಿಲ್ಲ.

ಪ್ರತಿ ಏಪ್ರಿಲ್ಲಿಗೆ ದರದಲ್ಲಿ ಮೂರು ಪರ್ಸೆಂಟ್ ಕಡಿತ.
ಕೇಳುವ ಹುಡುಗ ಎರಡು ವರ್ಷಕ್ಕೊಮ್ಮೆ ಬೇರೆ, ಮಾತು ಒಂದೇ.
ಬಿಲ್ಲು ಪಾಸಾಗುವುದು ತೊಂಬತ್ತನೇ ದಿನ,
ಸಂಬಳಕ್ಕೆ ಏಳನೇ ತಾರೀಖು ಬಿಟ್ಟು ಇನ್ನೊಂದು ಗೊತ್ತಿಲ್ಲ.
ಇಷ್ಟೇ ಆಗಿದ್ದರೆ ಕವಿತೆ ಬರೆಯುತ್ತಿರಲಿಲ್ಲ,
ಬ್ಯಾಂಕಿಗೊಂದು ಅರ್ಜಿ ಬರೆಯುತ್ತಿದ್ದೆ.

ಹೋದ ತಿಂಗಳು ಸಪ್ಲೈಯರುಗಳ ಸಭೆ. ಏಸಿ, ಗೋಡಂಬಿ.
ಪರದೆಯ ಮೇಲೆ ಹೊಸ ಸ್ಕೂಟರನ್ನು ಬಿಡಿಬಿಡಿಯಾಗಿ ಬಿಚ್ಚಿ ತೋರಿಸಿದರು:
ಬ್ಯಾಟರಿ, ಮೋಟಾರು, ವೈರು.
ಹುಡುಕಿದೆ, ಗ್ರೂಪ್ ಫೋಟೋದಲ್ಲಿ ನನ್ನ ಮುಖ ಹುಡುಕುವ ಹಾಗೆ.
ಎಂಜಿನ್ನೇ ಇಲ್ಲ. ಇನ್ನು ತಲೆ ಎಲ್ಲಿ,
ವಾಲ್ವು ಎಲ್ಲಿ, ನನ್ನ ತೂತೆಲ್ಲಿ.
ಟೈ ಕಟ್ಟಿದವನೊಬ್ಬ ಮೈಕು ಹಿಡಿದ:
ನಾಯಕರಾದವರು ಬದಲಾವಣೆಯನ್ನು ಅಪ್ಪಿಕೊಳ್ಳಬೇಕು.
ಹೊಸೂರಿನವಳಿಗೆ ನಾಯಕ ಎಂದರೆ ರಾಮನಾಯಕನ ಕೆರೆ.
ಹೆಸರು ಉಳಿದಿದೆ. ನೀರಿನ ಮಾತು ಬೇರೆ.

ಹೇಳಬೇಕು. ಯಾವ ಭಾಷೆಯಲ್ಲಿ?
ಗ್ರೈಂಡಿಂಗಿನವರಿಗೆ ತೆಲುಗು, ಪ್ಯಾಕಿಂಗಿನ ಹೆಂಗಸರಿಗೆ ತಮಿಳು,
ಲೋಡಿಂಗಿನ ಒಡಿಶಾ ಹುಡುಗರಿಗೆ ನನ್ನ ಮುರುಕು ಹಿಂದಿ,
ಪಿಳ್ಳಪ್ಪನಿಗೆ ಕನ್ನಡ.
ಬೋನಸ್ಸನ್ನು ನಾಲ್ಕರಲ್ಲೂ ಹೇಳಬಲ್ಲೆ, ಹೇಳಿದ್ದೇನೆ.
ಈ ಮಾತು ಕನ್ನಡದಲ್ಲೇ ಗಂಟಲು ದಾಟಲಿಲ್ಲ.
ಮೂರು ವರ್ಷವೋ, ಐದೋ. ತಾರೀಖಿಲ್ಲದ ಸಾವನ್ನು
ನೋಟೀಸ್ ಬೋರ್ಡಿಗೆ ಹೇಗೆ ಅಂಟಿಸುವುದು?

ನಿನ್ನೆ ಕಂಪ್ರೆಸರ್ ಕೆಟ್ಟಿತೆಂದು ಶೆಡ್ಡಿನ ಹಿಂದೆ ಹೋದೆ.
ಸ್ಕ್ರ್ಯಾಪಿನ ಪೀಪಾಯಿಗಳ ಆಚೆ, ಟಾರ್ಪಾಲಿನ ಕೆಳಗೆ
ಏನೋ ಹೊಳೆಯಿತು. ಎತ್ತಿದೆ.
ಸ್ಕೂಟರು. ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ,
ಹ್ಯಾಂಡಲಿಗೆ ಒಣಗಿದ ನಿಂಬೆಹಣ್ಣು.
ಸೈಲೆನ್ಸರು ಇರಬೇಕಾದಲ್ಲಿ ಬರೀ ಗಾಳಿ.
ಹಿಂದೆ ಪಿಳ್ಳಪ್ಪ, ಬೀಡಿ ಸಮೇತ ಸಿಕ್ಕಿಬಿದ್ದ ಹುಡುಗನಂತೆ.
"ಮಗಳು ಕೊಡಿಸಿದ್ಳು. ಬಾಗಲೂರಿಂದ ದಿನಾ ಪೆಟ್ರೋಲು ಆಗಲ್ಲ ಮೇಡಂ...
ನೀವು ನೋಡಿದ್ರೆ ಬೇಜಾರಾಗ್ತೀರಿ ಅಂತ."
ಎಷ್ಟು ದಿನದಿಂದ?
"ಯುಗಾದಿಯಿಂದ."

ಆರು ತಿಂಗಳು ಅವನು ನನ್ನಿಂದ ಮುಚ್ಚಿಟ್ಟ,
ಒಂದು ತಿಂಗಳು ನಾನು ಅವನಿಂದ.
"ಮೊದಲನೇ ಭಾನುವಾರವೇ ಬಿಚ್ಚಿ ನೋಡ್ದೆ.
ಒಳಗೆ ನಮ್ದು ಏನೂ ಇಲ್ಲ."
ಆಮೇಲೆ, ಕೈಯ ಗ್ರೀಸು ಒರೆಸಿಕೊಳ್ಳುತ್ತ, ನಿಧಾನಕ್ಕೆ:
"ಹಿಂದಿನ ಚಕ್ರದ ಹತ್ರ ಒಂದು ಬುಷ್ ಐತೆ. ಚೆನ್ನಾಗಿ ಮಾಡಿಲ್ಲ ಅವ್ರು."
ಬುಷ್ಷನ್ನು ಈ ಊರಿನಲ್ಲಿ ನೂರು ಜನ ಮಾಡುತ್ತಾರೆ, ನಾಲ್ಕು ರೂಪಾಯಿಗೆ.
ಅದನ್ನು ನಾನು ಹೇಳಲಿಲ್ಲ. ಅವನಿಗೂ ಗೊತ್ತು.

ಆಫೀಸಿನಿಂದ ಉದ್ದನೆಯ ವೈರು ಎಳೆಸಿದೆ.
ಮುಂದೆ ತಂದು ನಿಲ್ಲಿಸು, ಗೇಟಿನ ಹತ್ತಿರ, ಇಲ್ಲೇ ಚಾರ್ಜು ಹಾಕು ಎಂದೆ.
ಊಟಕ್ಕೆ ಹೊರಬಂದವರು ಟಿಫಿನ್ ಡಬ್ಬಿ ಹಿಡಿದೇ ಸುತ್ತ ನಿಂತರು.
ಒಬ್ಬಳು ಬಗ್ಗಿ ನೋಡಿದಳು, ನಾನು ಹುಡುಕಿದ ಜಾಗದಲ್ಲೇ.
ಯಾರೂ ಏನೂ ಕೇಳಲಿಲ್ಲ, ಯಾವ ಭಾಷೆಯಲ್ಲೂ.
ಒಡಿಶಾದ ಹುಡುಗನೊಬ್ಬ ಹಾರ್ನು ಒತ್ತಿದ, ನಕ್ಕ, ನಿಲ್ಲಿಸಿದ.
ಕಂಪ್ರೆಸರ್ ಇನ್ನೂ ರಿಪೇರಿಯಾಗಿರಲಿಲ್ಲ.
ಅದಕ್ಕೇ ಇರಬೇಕು ಅಷ್ಟು ಸದ್ದಿಲ್ಲದ್ದು.